ತಾತ್ಕಾಲಿಕ-ಎರಡು

ನನ್ನ ಓರಗಿತ್ತಿಯನ್ನು ಆ ಕೆಲಸಕ್ಕೆ ಸೇರಿಸಿದ್ದು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನಗೆ ನೆನಪಿಸುವುದು ಬೇಡ. ಅಂಗೈ ತೋರಿಸಿ ಅವಲಕ್ಷಣ ಅನ್ನಿಸಿಕೊಳ್ಳೋದು ಅಂತಾರಲ್ಲ, ಅದು ನನ್ನನ್ನು ನೋಡಿಯೇ ಹೇಳಿದ್ದಿರಬೇಕು. ಮೈದುನನ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಹುಡುಗಿ ಓದಿದ್ದಾಳೆ, ಕೋಡ್ ಬರೆಯುತ್ತಾಳೆ, ಮನೆಯಲ್ಲಿ ಸುಮ್ಮನೆ ಯಾಕೆ ಕೂರಬೇಕು ಅಂತ ನಾನೇ ನಮ್ಮ ಕಾರ್ಖಾನೆಯ ಮ್ಯಾನೇಜರ ಹತ್ತಿರ ಹೋಗಿ ಹೇಳಿದೆ. ಅವರು ತಕ್ಷಣ ಒಪ್ಪಿದರು. ನಾನು ಏನೇ ಕೇಳಿದರೂ ತಿಂಗಳುಗಟ್ಟಲೆ ಯೋಚಿಸುವ ಮನುಷ್ಯ, ಅವಳನ್ನು ಐದು ನಿಮಿಷದಲ್ಲಿ ಒಪ್ಪಿಕೊಂಡರು. ಆಗಲೇ ನನಗೆ ಒಂಚೂರು ಚುರುಕ್ ಅಂದಿತ್ತು.

ನಮ್ಮದು ಕೃತಕ ಕೈಕಾಲು ಮಾಡುವ ಕಾರ್ಖಾನೆ. ಹಿಂದಿನ ಶೆಡ್ಡಿನಲ್ಲಿ ಅಚ್ಚು, ಗರಗಸ, ಎಲ್ಲದರ ಮೇಲೂ ಬಿಳೀ ಧೂಳು. ಮುಂದಿನ ಕೋಣೆಯಲ್ಲಿ ನಾವು, ಕಂಪ್ಯೂಟರಿನವರು. ಕಾಲು ಕಳೆದುಕೊಂಡವರು ಬಂದಾಗ ಉಳಿದ ಭಾಗವನ್ನು ಸ್ಕ್ಯಾನ್ ಮಾಡಿ, ಆ ಅಳತೆಯನ್ನು ಕ್ಲೌಡಿನಲ್ಲಿ ಇಡುತ್ತೇವೆ. ವರ್ಷಕ್ಕೊಂದು ಸಲ, ಒಂದು ವಾರ, ಎಲ್ಲರನ್ನೂ ಕರೆದು ಹೊಸ ಅಳತೆಯನ್ನು ಹಳೆಯದರ ಪಕ್ಕ ಇಟ್ಟು ನೋಡುತ್ತೇವೆ. ಮೈ ಸೊರಗುತ್ತೆ, ಊದುತ್ತೆ, ಮೂಳೆ ಸರಿಯುತ್ತೆ. ಹಳೆಯ ಅಳತೆ ಇಲ್ಲದಿದ್ದರೆ ಮತ್ತೆ ಮೊದಲಿನಿಂದ ಶುರು. ಹನ್ನೊಂದು ವರ್ಷದಲ್ಲಿ ನಾಲ್ಕು ಸಾವಿರ ಜನರ ಅಳತೆ ಕೂಡಿಹಾಕಿದವಳು ನಾನು, ಒಬ್ಬಳೇ.

ಅವಳು ಬಂದ ಮೂರು ತಿಂಗಳಿಗೆ ನಾನು ಹಿತ್ತಲ ಗಿಡವಾದೆ. ನನ್ನ ಮೇಜಿನ ಮುಂದೆ ನಿಂತು, ನನ್ನ ತಲೆಯ ಮೇಲಿಂದ ಅವಳನ್ನು ನೋಡಿ, "ಇದು ಹೇಗಮ್ಮಾ?" ಅಂತ ಕೇಳುತ್ತಿದ್ದರು ಮ್ಯಾನೇಜರು. ಶೆಡ್ಡಿನ ಅಚ್ಚಿನಣ್ಣನೂ ಅಷ್ಟೇ. ಹನ್ನೊಂದು ವರ್ಷ ನನ್ನ ಜೊತೆ ಕೂತು ಊಟ ಮಾಡಿದ ಮನುಷ್ಯ, "ನಿಮ್ಮ ಓರಗಿತ್ತಿ ಬಂದ್ಮೇಲೆ ಪ್ರಿಂಟರು ಕೈಕೊಡೋದೇ ಬಿಟ್ಟಿದೆ ನೋಡಿ" ಅಂದ. ಪ್ರಿಂಟರನ್ನು ರಿಪೇರಿ ಮಾಡಿಸಿದ್ದು ನಾನು.

ಮನೆಗೆ ಬಂದರೆ ಅಲ್ಲೂ ಅದೇ ಪಾರಾಯಣ. ಅತ್ತೆಯ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಟ್ಟಳಂತೆ. ಅಷ್ಟಕ್ಕೇ ಅತ್ತೆ, "ಚಿಕ್ಕವಳು ಕೈ ಹಾಕಿದ್ರೆ ಮುಗೀತು" ಅಂತ ನೆಂಟರಿಗೆಲ್ಲ ಸಾರಿದರು. ನನ್ನ ಗಂಡ ಬೇರೆ, ತಟ್ಟೆಯಿಂದ ತಲೆ ಎತ್ತದೆ, "ಅವಳಿಗೆ ತಾಳ್ಮೆ ಇದೆ ಕಣೇ" ಅಂದರು. ಯಾರಿಗೆ ಇಲ್ಲ ಅಂತ ಬಿಡಿಸಿ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ನನಗೆ ಹೊಟ್ಟೆಯುರಿಯುತ್ತಿತ್ತು. ಚೆಂದದ ಮಾತು ಹುಡುಕಿ ಮುಚ್ಚಿಡುವಂಥದ್ದೇನಲ್ಲ, ಹೊಟ್ಟೆಕಿಚ್ಚೇ. ಅವಳು ಒಗೆದ ಬಟ್ಟೆ ನಾನು ಒಗೆದದ್ದಕ್ಕಿಂತ ಬೆಳ್ಳಗಿದೆಯಾ ಅಂತ ತಂತಿಯ ಹತ್ತಿರ ನಿಂತು ನೋಡುವ ಮಟ್ಟಕ್ಕೆ ಬಂದಿದ್ದೆ.

ಆಗ ಬಂತು ಪಾಸ್‌ವರ್ಡುಗಳ ಕೆಲಸ.

ನಮ್ಮ ಪಾಸ್‌ವರ್ಡುಗಳೆಲ್ಲ ಕ್ಲೌಡಿನಲ್ಲೇ ಒಂದು ತಿಜೋರಿಯಲ್ಲಿ ಇರುತ್ತವೆ. ಕೋಡಿಗೆ ಬೇಕಾದಾಗ ಅದೇ ಹೋಗಿ ತೆಗೆದುಕೊಳ್ಳುತ್ತೆ, ಮನುಷ್ಯರ ಕಣ್ಣಿಗೆ ಬೀಳುವುದಿಲ್ಲ. ವರ್ಷ ಕಳೆದ ಹಾಗೆ ಅಲ್ಲಿ ಕಸ ಬೆಳೆದಿತ್ತು. ಕೆಲಸ ಬಿಟ್ಟು ಹೋದವರದ್ದು, ಮುಚ್ಚಿಹೋದ ಅಂಗಡಿಗಳದ್ದು, ಒಟ್ಟು ಇನ್ನೂರಕ್ಕೂ ಹೆಚ್ಚು. ಬೇಡದ ಪಾಸ್‌ವರ್ಡು ಅಂದರೆ ಯಾರದೋ ಜೇಬಿನಲ್ಲಿ ಉಳಿದುಹೋದ ಮನೆ ಕೀಲಿಕೈ. ಒಂದು ದಿನ ಕುಳಿತು ತೆಗೆದುಹಾಕಬೇಕು ಅಂತ ನಾನು ಆರು ವರ್ಷದಿಂದ ಹೇಳುತ್ತಲೇ ಇದ್ದೆ. ಮ್ಯಾನೇಜರು ಕೊನೆಗೂ ಒಪ್ಪಿದರು, ಕೆಲಸ ಕೊಟ್ಟದ್ದು ಅವಳಿಗೆ.

ಕೆಲಸ ಚೆನ್ನಾಗಿಯೇ ಮಾಡಿದಳು. ಅದೇ ನನ್ನ ಕರ್ಮ, ಕೆಟ್ಟದಾಗಿ ಮಾಡಿದ್ದರೆ ನಾನು ಈ ಕತೆಯನ್ನೇ ಹೇಳುತ್ತಿರಲಿಲ್ಲ. ಅವಳ ಕೋಡು ಮೊದಲು ಏನನ್ನೂ ಅಳಿಸುವುದಿಲ್ಲ, ಆರು ತಿಂಗಳಿಂದ ಯಾರೂ ತೆರೆಯದ ಪಾಸ್‌ವರ್ಡುಗಳ ಪಟ್ಟಿ ಮಾತ್ರ ಕೊಡುತ್ತೆ, ಹೆಸರು ಅಷ್ಟೇ, ಒಳಗಿನ ಗುಟ್ಟು ತೋರಿಸುವುದಿಲ್ಲ. ಇನ್ನೊಬ್ಬರು ಆ ಪಟ್ಟಿ ಓದಿ ಪ್ರತಿ ಹೆಸರಿನ ಮುಂದೆ "ನೋಡಿದೆ" ಅಂತ ಗುರುತು ಹಾಕಬೇಕು. ಆಮೇಲೂ ತಕ್ಷಣ ಹೋಗುವುದಿಲ್ಲ, ಮೂವತ್ತು ದಿನ ಅಟ್ಟದ ಮೇಲೆ ಇಟ್ಟ ಹಾಗೆ ಇರುತ್ತೆ. ಆ ಮೂವತ್ತು ದಿನ ಯಾರೂ ಬಳಸುವ ಹಾಗಿಲ್ಲ, ಆದರೆ ಬೇಕು ಅಂದರೆ ವಾಪಸ್ ತರಬಹುದು. ಮೂವತ್ತು ಮುಗಿಯಿತೋ, ಬ್ರಹ್ಮ ಬಂದರೂ ಸಿಗುವುದಿಲ್ಲ.

"ಏಳು ದಿನ ಸಾಕಲ್ವಾ?" ಅಂದರು ಮ್ಯಾನೇಜರು.

"ಮೂವತ್ತೇ ಇರ್ಲಿ ಸಾರ್. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರೆ" ಅಂದಳು. ಎಲ್ಲರೂ ನಕ್ಕರು. ಇದೇ ಮಾತು ನಾನು ಹೇಳಿದ್ದರೆ ಮುದುಕಿಯ ಹಾಗೆ ಆಡ್ತಾಳೆ ಅನ್ನುತ್ತಿದ್ದರು.

ಪಟ್ಟಿ ನೋಡುವ ಆ ಇನ್ನೊಬ್ಬರು ಯಾರು? ನಾನೇ. "ಅಕ್ಕಾ, ಒಂದ್ಸಲ ನಿಧಾನವಾಗಿ ನೋಡಿಕೊಡಿ. ಎಲ್ಲ ನಿಮ್ಮ ಕಾಲದ್ದೇ" ಅಂದಳು. ನಿಮ್ಮ ಕಾಲದ್ದು. ನಾನು ಸತ್ತು ಗೋಡೆಯ ಮೇಲೆ ಫೋಟೋ ಆಗಿದ್ದೀನಿ ಅನ್ನೋ ಹಾಗೆ.

ಇನ್ನೂರ ಹದಿನಾಲ್ಕು ಹೆಸರು. ನೂರಾ ಅರವತ್ತನೆಯದ್ದೋ ಏನೋ, "ತಾತ್ಕಾಲಿಕ-ಎರಡು". ನನ್ನ ಕೈ ಅಲ್ಲೇ ನಿಂತಿತು.

ಆ ಹೆಸರು ಇಟ್ಟವಳು ನಾನೇ, ಒಂಬತ್ತು ವರ್ಷದ ಹಿಂದೆ, ಮನೆಗೆ ಹೋಗುವ ಅವಸರದಲ್ಲಿ. ಆಮೇಲೆ ಬದಲಾಯಿಸೋಣ ಅಂದುಕೊಂಡಿದ್ದೆ. ನಮ್ಮ ಕಸುಬಿನಲ್ಲಿ ತಾತ್ಕಾಲಿಕ ಅಂದದ್ದೇ ಶಾಶ್ವತವಾಗುವುದು. ನಾಲ್ಕು ಸಾವಿರ ಜನರ ಹಳೆಯ ಅಳತೆಗಳಿಗೆ ಹಾಕಿದ ಬೀಗದ ಕೀಲಿ ಅದು, ಒಂದೇ ಒಂದು. ಎಲ್ಲೂ ಬರೆದಿಟ್ಟಿಲ್ಲ. ವರ್ಷಕ್ಕೊಂದು ಸಲ ಅಳತೆಯ ವಾರದಲ್ಲಿ ಮಾತ್ರ ತೆರೆಯುವುದರಿಂದ ಆರು ತಿಂಗಳ ಲೆಕ್ಕದಲ್ಲಿ ಕಸವಾಗಿ ಬಂದಿತ್ತು. ಅದು ಹೋದರೆ ಅಳತೆಗಳೆಲ್ಲ ಅಲ್ಲೇ ಇರುತ್ತವೆ, ಯಾರಿಗೂ ಓದಲು ಬರುವುದಿಲ್ಲ.

ಹೇಳಬೇಕಿತ್ತು. ಒಂದು ಸಾಲಿನ ಮಾತು. ಆದರೆ ಹೇಳಿದರೆ ಮ್ಯಾನೇಜರು, "ಇಷ್ಟು ಮುಖ್ಯವಾದ್ದಕ್ಕೆ ಇದೆಂಥಾ ಹೆಸರು?" ಅಂತ ಅವಳ ಮುಂದೆ ಕೇಳುತ್ತಾರೆ. ಹೇಳದಿದ್ದರೆ ಅಳತೆಯ ವಾರದಲ್ಲಿ ಎಲ್ಲರೂ ಅವಳನ್ನು ನೋಡುತ್ತಾರೆ. ನಾನು ಲೆಕ್ಕ ಹಾಕಿದೆ. ಮೂವತ್ತನೆಯ ದಿನ ಶುಕ್ರವಾರ ಮಧ್ಯಾಹ್ನ, ಅಳತೆಯ ವಾರ ಅದರ ಮುಂದಿನ ಸೋಮವಾರ.

"ನೋಡಿದೆ" ಅಂತ ಗುರುತು ಹಾಕಿದೆ.

ವಾಪಸ್ ತರೋಕೆ ತಿಂಗಳಿದೆಯಲ್ಲ ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ನಾಳೆ ಹೇಳಿದರಾಯಿತು. ಆ ನಾಳೆಗಳನ್ನು ಒಂದೊಂದಾಗಿ ಎಣಿಸಿದೆ. ಹತ್ತನೆಯ ದಿನ ಹೇಳಬೇಕು ಅಂತ ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಮ್ಯಾನೇಜರು ಅವಳ ಕೋಡನ್ನು ಬೇರೆ ಊರಿನ ಶಾಖೆಗೂ ಕಳಿಸಬೇಕು ಅಂದರು. ಬಾಯಿ ತಾನಾಗಿ ಮುಚ್ಚಿಕೊಂಡಿತು. ಹದಿನೆಂಟನೆಯ ದಿನ ಅವಳು ನನಗೆ ಒಂದು ಜೊತೆ ಚಪ್ಪಲಿ ತಂದಳು, ಮೆತ್ತನೆಯದು. "ನಿಮ್ಮ ಹಿಮ್ಮಡಿ ನೋವು ಅಂತ ಅತ್ತೆ ಹೇಳ್ತಿದ್ರು." ಹಾಕಿಕೊಂಡೆ. ಸರಿಯಾಗಿ ಕೂತಿತು. ಅದಕ್ಕೂ ಸಿಟ್ಟು ಬಂತು, ನನ್ನ ಕಾಲಿನ ಅಳತೆ ಇವಳಿಗೆ ಹೇಗೆ ಗೊತ್ತು ಅಂತ.

ಇಪ್ಪತ್ತೊಂಬತ್ತನೆಯ ದಿನ, ಗುರುವಾರ, ನಮ್ಮ ದರ್ಜಿಯಮ್ಮ ಬಂದರು. ಬಸ್ಸಿನ ಅಪಘಾತದಲ್ಲಿ ಬಲಗಾಲು ಹೋಗಿ ಎಂಟು ವರ್ಷ, ಆದರೂ ಕಾಲಿನಿಂದ ತುಳಿಯುವ ಹೊಲಿಗೆ ಮಷೀನನ್ನೇ ಇಟ್ಟುಕೊಂಡಿರುವ ಹಟಮಾರಿ. ಕೃತಕ ಕಾಲಿನ ಬೆಲ್ಟಿನ ಬಕಲ್ ಸಡಿಲವಾಗಿತ್ತು. ಅಚ್ಚಿನಣ್ಣ ಆ ಕಾಲನ್ನು ಬಿಚ್ಚಿ ಒಳಗೆ ತೆಗೆದುಕೊಂಡು ಹೋದ ಮೇಲೆ ಒಂಟಿ ಕಾಲಿನಲ್ಲಿ ನನ್ನ ಮೇಜಿನ ಪಕ್ಕ ಕೂತರು.

"ಸೋಮವಾರ ಅಳತೆ ಅಲ್ವೇನಮ್ಮಾ?"

"ಹೌದು."

"ಹಳೇದು ಇದೆ ತಾನೆ? ಮೊದಲ್ನೇ ಸಲ ಸರಿಯಾದ ಅಳತೆ ಸಿಗೋಕೆ ನಾಲ್ಕು ತಿಂಗಳು ಹಿಡೀತು. ಹಾಕೋದು, ಚರ್ಮ ಕಿತ್ತು ಹೋಗೋದು, ಮತ್ತೆ ಅಚ್ಚು. ಮಷೀನ್ ಮುಟ್ಟೋಕಾಗ್ತಿರ್ಲಿಲ್ಲ. ಈ ವಯಸ್ಸಲ್ಲಿ ಇನ್ನೊಂದ್ಸಲ ನನ್ನ ಕೈಲಾಗಲ್ಲ."

"ಇದೆ" ಅಂದೆ.

"ನಿಮ್ಮ ಹತ್ರ ಇದೆ ಅಂದ್ರೆ ನನಗೆ ಚಿಂತೆ ಇಲ್ಲ. ನನ್ನ ಕಾಲು ನಿಮ್ಮ ಜೋಪಾನದಲ್ಲಿದೆ ಅಂತ ಮಗಳಿಗೂ ಹೇಳ್ತಿರ್ತೀನಿ."

ನನ್ನ ಹತ್ತಿರ. ಓರಗಿತ್ತಿಯ ಹತ್ತಿರ ಅಲ್ಲ. ಹನ್ನೊಂದು ವರ್ಷದಿಂದ ಯಾರ ಬಾಯಲ್ಲಾದರೂ ಕೇಳಬೇಕು ಅಂತ ಕಾದಿದ್ದ ಮಾತು. ಬಂದದ್ದು ಆ ದಿನ.

ಅವರು ಬಕಲ್ ಸರಿಮಾಡಿಸಿಕೊಂಡು ಬಾಗಿಲು ದಾಟಿದ ಕೂಡಲೇ ತಿಜೋರಿ ತೆರೆದು "ತಾತ್ಕಾಲಿಕ-ಎರಡ"ನ್ನು ವಾಪಸ್ ತಂದೆ. ಒಂದೇ ಸಾಲಿನ ಆಜ್ಞೆ, ಅರ್ಧ ನಿಮಿಷವೂ ಬೇಕಾಗಲಿಲ್ಲ. ಎದುರಿನ ಮೇಜಿನಲ್ಲಿ ಅವಳ ಫೋನು ಗುಂಯ್ ಅಂದಿತು. ಅಳಿಸಲು ಇಟ್ಟದ್ದನ್ನು ಯಾರೇ ಮುಟ್ಟಿದರೂ ತನಗೆ ತಿಳಿಯುವ ಹಾಗೆ ಮಾಡಿಕೊಂಡಿದ್ದಳು, ನನಗೆ ಗೊತ್ತಿರಲಿಲ್ಲ. ಫೋನು ನೋಡಿದಳು, ನನ್ನನ್ನು ನೋಡಿದಳು, ಆ ಹೆಸರು ಯಾವ ಕೋಡಿನಲ್ಲಿದೆ ಅಂತ ತನ್ನ ಪರದೆಯಲ್ಲಿ ಹುಡುಕಿ ಓದಿದಳು. ಅವಳ ಮುಖದ ಬಣ್ಣ ಇಳಿಯಿತು.

"ಅಕ್ಕಾ, ಇದು ಹಳೇ ಅಳತೆಗಳ ಬೀಗದ್ದಾ?"

"ಹೂಂ."

ಅವಳು ಪರದೆಯ ಕಡೆ ತಿರುಗಿ ಪಟ್ಟಿ ತೆರೆದಳು.

ಸಂಜೆಯ ಸಭೆಯಲ್ಲಿ ಅವಳೇ ಎದ್ದು ನಿಂತಳು. "ತಪ್ಪು ನನ್ನದು ಸಾರ್. ವರ್ಷಕ್ಕೊಂದು ಸಲ ಬಳಸೋದನ್ನ ಆರು ತಿಂಗಳ ಲೆಕ್ಕದಲ್ಲಿ ಹಿಡಿದುಬಿಟ್ಟೆ. ಅಕ್ಕ ನೋಡಿ ಉಳಿಸಿದ್ರು." ಕೋಣೆಯೆಲ್ಲ ನನ್ನ ಕಡೆ ತಿರುಗಿತು. "ಅನುಭವ ಅಂದ್ರೆ ಇದು" ಅಂದರು ಮ್ಯಾನೇಜರು. ಅಚ್ಚಿನಣ್ಣ ಚಪ್ಪಾಳೆ ತಟ್ಟಿದ. ಇಷ್ಟು ತಿಂಗಳಿಂದ ಹಸಿದಿದ್ದೆನಲ್ಲ, ತಟ್ಟೆ ತುಂಬಾ ಬಡಿಸಿದರು. ಒಂದು ತುತ್ತೂ ರುಚಿಸಲಿಲ್ಲ. ತಪ್ಪನ್ನು ತನ್ನ ಮೇಲೆ ಹಾಕಿಕೊಂಡು ಅಷ್ಟು ನೆಟ್ಟಗೆ ನಿಲ್ಲೋಕೆ ಇವಳಿಗೆ ಹೇಗೆ ಬರುತ್ತೆ ಅಂತ ಅದಕ್ಕೂ ಹೊಟ್ಟೆಕಿಚ್ಚುಪಟ್ಟೆ. ನನ್ನ ಬುದ್ಧಿ ಎಂಥದ್ದು ನೋಡಿ.

ಮನೆಯ ಹಿಂದೆ ಒಣಗಿದ ಬಟ್ಟೆ ತೆಗೆಯುವಾಗ ಹತ್ತಿರ ಬಂದಳು. ದೊಡ್ಡ ಹೊದಿಕೆಯ ಒಂದು ತುದಿ ನನ್ನ ಕೈಗೆ ಕೊಟ್ಟು, ಇನ್ನೊಂದು ತಾನು ಹಿಡಿದು ಹಿಂದೆ ಹಿಂದೆ ಹೋಗಿ ನಿಂತಳು.

"ಪಟ್ಟಿಯಲ್ಲಿ ಅದರ ಮುಂದೆ ನಿಮ್ಮ ಗುರುತಿದೆ. ಮೊದಲ್ನೇ ದಿನದ್ದು."

"ಇದೆ."

"ಆವತ್ತೇ ಗೊತ್ತಿತ್ತಾ?"

ಸುಳ್ಳು ನಾಲಗೆಯ ತುದಿಯಲ್ಲೇ ಇತ್ತು. ಇನ್ನೂರ ಹದಿನಾಲ್ಕು ಹೆಸರು, ಕಣ್ಣು ತಪ್ಪಿತು ಅಂದಿದ್ದರೆ ನಂಬುತ್ತಿದ್ದಳು. ನಂಬಿ, ಅದನ್ನೂ ಕ್ಷಮಿಸುತ್ತಿದ್ದಳು. ಅದು ನನಗೆ ಬೇಡವಾಯಿತು.

"ಗೊತ್ತಿತ್ತು" ಅಂದೆ.

ಹೊದಿಕೆಯನ್ನು ಮಡಚುತ್ತಾ ನನ್ನ ಹತ್ತಿರ ಬಂದಳು, ತನ್ನ ತುದಿಯನ್ನು ನನ್ನ ಕೈಯಲ್ಲಿಟ್ಟಳು. "ನಿಮ್ಮನ್ನ ನೋಡಿಯೇ ಕೆಲಸಕ್ಕೆ ಬಂದೆ ಅಕ್ಕಾ ನಾನು" ಅಂದು ಒಳಗೆ ಹೋದಳು. ಅತ್ತೆಗೆ ಹೇಳಲಿಲ್ಲ, ತನ್ನ ಗಂಡನಿಗೂ ಹೇಳಲಿಲ್ಲ. ಹೇಳಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗಬಹುದಿತ್ತು.

ಅಳತೆಯ ವಾರ ಸುಸೂತ್ರವಾಗಿ ಮುಗಿಯಿತು. ದರ್ಜಿಯಮ್ಮನ ಕಾಲು ಎರಡೇ ದಿನದಲ್ಲಿ ಸರಿಹೋಯಿತು. ಆಮೇಲಿನ ಸೋಮವಾರ ಓರಗಿತ್ತಿ ಕೋಡಿನ ಹೊಸ ರೂಪ ತೋರಿಸಿದಳು. ಆರು ತಿಂಗಳ ಬದಲು ಹದಿನೈದು ತಿಂಗಳ ಲೆಕ್ಕ. ಇನ್ನೊಂದು ಬದಲಾವಣೆಯೂ ಇತ್ತು. ಪಟ್ಟಿ ನೋಡುವವರು ಇನ್ನು ಮುಂದೆ "ನೋಡಿದೆ" ಅಂದರೆ ಕೋಡು ಒಪ್ಪುವುದಿಲ್ಲ. "ಇದು ಏನು, ಹೋದರೆ ಯಾರಿಗೆ ತೊಂದರೆ" ಅಂತ ಪ್ರತಿಯೊಂದಕ್ಕೂ ಸ್ವಂತ ಮಾತಿನಲ್ಲಿ ಬರೆದು, ಕೆಳಗೆ ಹೆಸರು ಹಾಕಬೇಕು. ಬರೆಯದಿದ್ದರೆ ಒಂದೂ ಅಳಿಯುವುದಿಲ್ಲ.

ಆ ಸಾಲು ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಅಂತ ಆ ಕೋಣೆಯಲ್ಲಿ ಇಬ್ಬರಿಗೇ ಗೊತ್ತಿತ್ತು.

ಮ್ಯಾನೇಜರು ಎರಡು ಸಲ ಓದಿದರು. "ಭಲೇ. ಇದು ನಮಗ್ಯಾರಿಗೂ ಹೊಳೀಲಿಲ್ಲವಲ್ಲ. ನಿನಗೆ ಹೇಗಮ್ಮಾ ಹೊಳೀತು?"

ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಅಕ್ಕನಿಂದ ಕಲಿತೆ ಸಾರ್" ಅಂದಳು.