ಒಂದು ಗಂಟೆ ಬಿಟ್ಟು ಅಳೆದದ್ದು

ಮಾರ್ಚ್ ಹದಿನಾಲ್ಕು, ಭಾನುವಾರ, ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತೆರಡು ನಿಮಿಷಕ್ಕೆ ಅತ್ತಿಗೆ ಚಾರ್ಜರಿನ ಕ್ಲಿಪ್ಪುಗಳನ್ನು ಬ್ಯಾಟರಿಯಿಂದ ಬಿಡಿಸಿದಳು. ಮೊದಲು ಕಪ್ಪು, ಆಮೇಲೆ ಕೆಂಪು. ಮೀಟರನ್ನು ಕೈಗೆತ್ತಿಕೊಂಡವಳು ಹಾಗೇ ಕೆಳಗಿಟ್ಟಳು.

"ಅಳೆಯಲ್ವಾ?" ಎಂದಳು ನಾದಿನಿ. ಚರ್ಮದ ಉಡುಪನ್ನು ಸೊಂಟದವರೆಗೆ ಏರಿಸಿಕೊಂಡು, ಹಳೇ ಟೈರಿನ ಮೇಲೆ ಕೂತು ಬಾಳೆಹಣ್ಣು ಸುಲಿಯುತ್ತಿದ್ದಳು.

"ಹತ್ತೂ ಮುಕ್ಕಾಲಿಗೆ."

"ಹನ್ನೊಂದಕ್ಕೆ ರೇಸು. ಗಂಟೆ ಹೊಡೆದ ಮೇಲೆ ಪೆನ್ನು ಹುಡುಕೋ ಜಾತಿ ನೀವು."

"ನೀನು ತಿನ್ನು."

ಕಾಲೇಜೊಂದರ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದ ಅತ್ತಿಗೆಗೆ, ಮದುವೆಯಾದ ವರ್ಷವೇ ಈ ಬೈಕಿನ ವೈರು, ಬ್ಯಾಟರಿ ಗಂಟುಬಿದ್ದಿದ್ದವು. ಎಂಜಿನ್ ಅವಳ ಗಂಡನದು, ಓಡಿಸುವುದು ಅವನ ತಂಗಿ. ತೂಕ ಇಳಿಸಲೆಂದು ಕರೆಂಟು ಹುಟ್ಟಿಸುವ ಸುರುಳಿಯನ್ನೇ ಬೈಕಿನಿಂದ ಬಿಚ್ಚಿ ತೆಗೆದಿದ್ದರು. ಬ್ಯಾಟರಿಯಲ್ಲಿರುವುದು ಹೊರಡುವಾಗ ಕಟ್ಟಿಕೊಟ್ಟ ಬುತ್ತಿಯಷ್ಟೇ. ದಾರಿಯಲ್ಲಿ ಒಲೆ ಹಚ್ಚುವಂತಿಲ್ಲ. ಬ್ಯಾಟರಿ ಹನ್ನೊಂದೂವರೆ ವೋಲ್ಟಿಗೆ ಇಳಿಯಿತೆಂದರೆ ಕಿಡಿಯೂ ಇಲ್ಲ, ಪೆಟ್ರೋಲ್ ತಳ್ಳುವ ಪಂಪೂ ಇಲ್ಲ.

ಆರು ವಾರದ ಹಿಂದಿನ ರೇಸಿನಲ್ಲಿ, ನಾಲ್ಕನೆಯವಳಾಗಿ ಓಡುತ್ತಿದ್ದ ನಾದಿನಿಯ ಎಂಜಿನ್ ಕೊನೆಯ ಸುತ್ತಿನಲ್ಲಿ ನಿಂತುಹೋಗಿತ್ತು. ಗಾಬರಿಯಲ್ಲಿ ಹೆಬ್ಬೆರಳು ಎಂಜಿನ್ ಆರಿಸುವ ಕೆಂಪು ಸ್ವಿಚ್ಚಿಗೆ ತಾಗಿರಬೇಕು ಎಂದು ಅಣ್ಣ ತೀರ್ಮಾನಿಸಿದ. ಅಂದಿನಿಂದ ಅವಳ ಹೆಸರೇ ಹೆಬ್ಬೆರಳು. ಪಕ್ಕದ ಶೆಡ್ಡಿನವರೂ ಹಾಗೇ ಕರೆಯತೊಡಗಿದರು. ಮುಂದಿನ ವರ್ಷಕ್ಕೆ ಅವಳನ್ನು ಸೇರಿಸಿಕೊಳ್ಳಲು ಬಂದಿದ್ದ ದೊಡ್ಡ ತಂಡವೊಂದರ ಮುಖ್ಯಸ್ಥ, ಗಾಬರಿ ಬೀಳುವವರು ತನಗೆ ಬೇಡವೆಂದೂ ಇನ್ನೊಂದೇ ಸಲ ನೋಡುವೆನೆಂದೂ ಹೇಳಿದ್ದ. ಆ ಒಂದು ಸಲ ಇವತ್ತು. ಬೆರಳು ತಾಗದಂತೆ ನಾದಿನಿ ಸ್ವಿಚ್ಚಿನ ಸುತ್ತ ಪ್ಲಾಸ್ಟಿಕ್ಕಿನ ಬಳೆಯೊಂದನ್ನು ಟೇಪಿನಿಂದ ಬಿಗಿದಿದ್ದಳು.

ಅಂದು ಅತ್ತಿಗೆ ಚಾರ್ಜರ್ ಬಿಡಿಸಿದ ಎರಡೇ ನಿಮಿಷಕ್ಕೆ ಅಳೆದಿದ್ದಳು. ಹದಿಮೂರು ಪಾಯಿಂಟ್ ಒಂದು ಬಂದಿತ್ತು. ಆಗಷ್ಟೇ ಚಾರ್ಜರ್ ಬಿಟ್ಟ ಬ್ಯಾಟರಿಯೆಂದರೆ ಮದುವೆಮನೆಯ ಫೋಟೊ. ನಿಜವಾದ ಮುಖ ಬೇಕಾದರೆ ಒಂದು ಗಂಟೆ ಸುಮ್ಮನೆ ಬಿಡಬೇಕು. ವಿದ್ಯಾರ್ಥಿಗಳಿಗೆ ಅವಳು ಪ್ರತಿವರ್ಷ ಹೇಳುವ ಮಾತು ಅದು. ತಪ್ಪು ಯಾರದೆಂದು ಅದೇ ವಾರ ಟಿಪ್ಪಣಿ ತಿರುವಿ ಹಾಕುವಾಗ ಅವಳಿಗೆ ತಿಳಿದಿತ್ತು. ಹೇಳಲು ಹೊರಟಾಗಲೆಲ್ಲ ಯಾರೋ ಬಾಗಿಲು ತಟ್ಟುತ್ತಿದ್ದರು ಎಂದರೆ ಸುಳ್ಳಾಗುತ್ತದೆ. ಯಾರೂ ತಟ್ಟಿರಲಿಲ್ಲ.

ಹತ್ತು ಗಂಟೆ ನಲವತ್ತೆರಡಕ್ಕೆ ಮೀಟರು ಹನ್ನೆರಡು ಪಾಯಿಂಟ್ ಐದು ತೋರಿಸಿತು. ತುಂಬಿದ್ದರೆ ಪಾಯಿಂಟ್ ಎಂಟು ಇರಬೇಕಿತ್ತು. ಬ್ಯಾಟರಿಗೆ ವಯಸ್ಸಾಗಿತ್ತು, ಇನ್ನೊಂದು ಮೊನ್ನೆಯೇ ಹೊಟ್ಟೆ ಉಬ್ಬಿಸಿಕೊಂಡು ಮೂಲೆ ಸೇರಿತ್ತು. ಅತ್ತಿಗೆ ಹಾಳೆಯ ಮೇಲೆ ಎರಡು ಸಲ ಲೆಕ್ಕ ಹಾಕಿದಳು.

"ಸ್ಟಾರ್ಟಿನ ಸಾಲಲ್ಲಿ ನಿಂತ ತಕ್ಷಣ ಎಂಜಿನ್ ಆರಿಸ್ಬಿಡು. ಅಲ್ಲಿ ಐದು ನಿಮಿಷ ಸುಮ್ನೆ ಓಡಿದ್ರೆ ಎರಡು ಸುತ್ತಿನ ಕರೆಂಟು ಹೋಗತ್ತೆ."

"ಆ ಸ್ವಿಚ್ ನಾನು ಮುಟ್ಟಲ್ಲ."

"ಸ್ಟಾರ್ಟ್ ಮಾಡಕ್ಕೆ ನಾನು ಅತ್ತೇನ ಕರ್ಕೊಂಡು ಬರ್ತೀನಿ."

ಅತ್ತೆ ಎಂದರೆ ತಳ್ಳುಗಾಡಿಯ ಮೇಲಿನ ಕಾರಿನ ಬ್ಯಾಟರಿ. ಬಂದರೆ ಮಲಗಿದ್ದದ್ದೆಲ್ಲ ಎದ್ದು ಕೂರುತ್ತದೆ ಎಂದು ಆ ಹೆಸರು. 'ನಮ್ಮಮ್ಮನ್ನ ಹಂಗೆಲ್ಲ ತಳ್ಬೇಡಿ' ಎನ್ನುವುದು ನಾದಿನಿಯ ಮಾಮೂಲಿ ಉತ್ತರ. ಇವತ್ತು ಅದು ಬರಲಿಲ್ಲ.

"ಆರಿಸಿ, ಮತ್ತೆ ಹತ್ತದಿದ್ರೆ? ಆ ಮುಖ್ಯಸ್ಥರು ಎದುರಿಗೇ ಕೂತಿರ್ತಾರೆ. ನನ್ನ ಬೆರಳ ಮೇಲೆ ನಂಗೇ ನಂಬಿಕೆ ಇಲ್ಲ ಅತ್ತಿಗೆ."

"ನಿನ್ನ ಬೆರಳು ಏನೂ ಮಾಡಿರ್ಲಿಲ್ಲ," ಎಂದಳು ಅತ್ತಿಗೆ. "ಬ್ಯಾಟರಿ ಖಾಲಿಯಾಗಿತ್ತು. ನಾನು ಅವಸರದಲ್ಲಿ ಅಳೆದಿದ್ದೆ."

ನಾದಿನಿ ಎದ್ದು ಉಡುಪಿನ ಜಿಪ್ಪನ್ನು ಕತ್ತಿನವರೆಗೆ ಎಳೆದುಕೊಂಡಳು.

"ಯಾವಾಗ ಗೊತ್ತಾಯ್ತು?"

"ಅದೇ ವಾರ."

"ಅಣ್ಣ ಆ ಹೆಸರಿಟ್ಟು ಕರೆದಾಗೆಲ್ಲ ನೀವೂ ನಗ್ತಿದ್ರಿ."

"ಹೌದು."

ನಾದಿನಿ ಹೆಲ್ಮೆಟ್ ಹಾಕಿಕೊಂಡಳು. ಆಮೇಲೆ ಏನು ಹೇಳಿದ್ದರೂ ಕೇಳಿಸುತ್ತಿರಲಿಲ್ಲ.

ಸಾಲಿನಲ್ಲಿ ಇಪ್ಪತ್ತೆರಡು ಬೈಕುಗಳು ಗುರುಗುಟ್ಟುತ್ತಿದ್ದವು. ಅತ್ತಿಗೆ ತಳ್ಳುಗಾಡಿ ಎಳೆದುಕೊಂಡು ಬರುವಾಗ ನಾದಿನಿ ಮುಂದಕ್ಕೇ ನೋಡುತ್ತಿದ್ದಳು. ಅರ್ಧ ನಿಮಿಷ ಹೋಯಿತು. ಅವಳು ಪ್ಲಾಸ್ಟಿಕ್ ಬಳೆಯನ್ನು ಕಿತ್ತು ಕೆಳಗೆ ಹಾಕಿ ಸ್ವಿಚ್ ಒತ್ತಿದಳು. ಎಂಜಿನ್ ನಿಂತಿತು. ಪಕ್ಕದ ಇಬ್ಬರು ತಿರುಗಿ ನೋಡಿದರು. ಒಂದು ನಿಮಿಷ ಉಳಿದಿದೆಯೆಂದು ಫಲಕ ಎತ್ತಿದಾಗ ಅತ್ತಿಗೆ ಕೇಬಲ್ ಸಿಕ್ಕಿಸಿದಳು. ಒಂದೇ ಸಲಕ್ಕೆ ಹತ್ತಿತು. ಕೇಬಲ್ ಕಿತ್ತುಕೊಂಡು ಗೋಡೆಯಾಚೆ ಓಡಿದಳು.

ಹನ್ನೊಂದು ಸುತ್ತು. ನಾದಿನಿ ಐದನೆಯವಳಾಗಿ ಮುಗಿಸಿದಳು.

ಅವಳ ಅಣ್ಣ ಮುಖ್ಯಸ್ಥನನ್ನು ಕರೆದುಕೊಂಡೇ ಶೆಡ್ಡಿಗೆ ಬಂದ. "ಏನ್ ಹೆಬ್ಬೆರಳೇ, ಸಾಲಲ್ಲೇ ಆರಿಸ್ಬಿಟ್ಟೆ? ನನ್ ಎದೆ ಒಡೆದು ಹೋಯ್ತು."

ನಾದಿನಿ ಕೈಗವಸು ಬಿಚ್ಚುತ್ತ ಅತ್ತಿಗೆಯನ್ನು ನೋಡಿದಳು.

"ಆರಿಸು ಅಂತ ಹೇಳಿದ್ದು ನಾನು," ಎಂದಳು ಅತ್ತಿಗೆ. ಗಂಡನಿಗಲ್ಲ, ಮುಖ್ಯಸ್ಥನಿಗೆ. "ಹೋದ ಸಲ ಅವಳು ಸ್ವಿಚ್ ಮುಟ್ಟಿರ್ಲಿಲ್ಲ. ಬ್ಯಾಟರಿ ತಪ್ಪಾಗಿ ಅಳೆದು ಕಳಿಸಿದ್ದೆ. ಆರು ವಾರ ಬಾಯಿ ಮುಚ್ಕೊಂಡಿದ್ದೆ."

ಗಂಡ ಕತ್ತು ತುರಿಸಿಕೊಂಡ.

"ಈಗ ಎಷ್ಟು ಉಳಿದಿದೆ?" ಎಂದ ಮುಖ್ಯಸ್ಥ.

"ಈಗ ಅಳೆದ್ರೆ ನಿಜ ಬರಲ್ಲ. ಒಂದು ಗಂಟೆ ಬೇಕು."

ಅವನು ಗಡಿಯಾರ ನೋಡಿಕೊಂಡ. ಬಕೆಟ್ಟೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತ. ಗಂಡ ಬಾಗಿಲಿಗೆ ಒರಗಿದ. ನಾದಿನಿ ಟೈರಿನ ಒಂದು ಅಂಚಿಗೆ ಸರಿದು ಕೂತಳು; ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಅಂಚಿನಲ್ಲಿ ಅತ್ತಿಗೆಯೂ ಕೂತಳು. ಹೊರಗೆ ಮುಂದಿನ ರೇಸು ಶುರುವಾಗಿ ಮುಗಿಯಿತು.

ಹನ್ನೆರಡು ಗಂಟೆ ಮೂವತ್ತೊಂದಕ್ಕೆ ನಾದಿನಿಯೇ ಎದ್ದು ಮೀಟರಿನ ಎರಡು ಮುಳ್ಳುಗಳನ್ನು ಬ್ಯಾಟರಿಗೆ ಒತ್ತಿ ಹಿಡಿದಳು. ಅತ್ತಿಗೆ ಬಗ್ಗಿ ಅಂಕಿಯನ್ನು ಓದಿದಳು: ಹನ್ನೊಂದು ಪಾಯಿಂಟ್ ಐದು ಎಂಟು ವೋಲ್ಟ್, ಹನ್ನೊಂದೂವರೆಗಿಂತ ಚೂರೇ ಮೇಲೆ.