ಮೂರು ಪದರ ಬಣ್ಣ

ಹೊಳೆಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ ಒಂದೂರಲ್ಲಿ ಒಬ್ಬ ಸಾಹುಕಾರನಿದ್ದ. ಅವನಿಗೆ ಇಬ್ಬರು ಹೆಂಡಿರು, ಇಬ್ಬರೂ ಒಂದೇ ತಾಯಿಯ ಹೊಟ್ಟೆಯವರು. ಒಂದು ದಿನ ಕಿರಿಯಳು ಹಿರಿಯಳ ಮುಂದೆ ಒಂದು ಮೊರ ರಾಗಿ ಸುರಿದು, ‘ಇದರೊಳಗಿನ ಸಾಸಿವೆಯನ್ನು ಒಂದೂ ಬಿಡದೆ ಆರಿಸು, ಆಮೇಲೆ ನಿನಗೆ ಬೇಕಾದ್ದು ಕೊಡುತ್ತೇನೆ’ ಅಂದಳು. ಕಥೆಯಲ್ಲಾದರೆ ಇರುವೆಗಳು ಸಾಲುಗಟ್ಟಿ ಬಂದು ಆರಿಸಿಕೊಡುತ್ತವೆ. ಮುಳ್ಳೂರಿನ ಚನ್ನಮಲ್ಲಮ್ಮನಿಗೆ ಇರುವೆಗಳು ಬರಲಿಲ್ಲ.

ಆಗ ಕೊಳ್ಳೇಗಾಲ ಸೀಮೆ ಮದ್ರಾಸು ಬಿಟ್ಟು ಮೈಸೂರಿಗೆ ಸೇರಿದ ಹೊಸತು. ಚನ್ನಮಲ್ಲಮ್ಮ ಮೂರು ಹೆತ್ತು ಮೂರನ್ನೂ ಮಣ್ಣಿಗೆ ಕೊಟ್ಟಿದ್ದಳು. ಆ ಕಡೆ ಮಕ್ಕಳುಳಿಯದ ಹೆಣ್ಣು ತನ್ನ ತಂಗಿಯನ್ನೇ ಸವತಿಯಾಗಿ ತರುವುದು ಹೊಸದೇನಲ್ಲ; ಒಡಹುಟ್ಟಿದವಳ ಕೂಸು ತನ್ನ ಕೂಸೇ ಅಲ್ಲವೇ. ಅವಳೇ ತವರು ಬಂಡಳ್ಳಿಗೆ ಹೋಗಿ, ‘ಹಬ್ಬಕ್ಕೆ ಬಾರೆ’ ಎಂದು ಸುವರ್ಣಮ್ಮನನ್ನು ಗಾಡಿಗೆ ಹತ್ತಿಸಿಕೊಂಡು ಬಂದಳು. ಹಬ್ಬವೆಂದು ಹೊಸ ಸೀರೆ ಉಟ್ಟು ಬಂದ ಹುಡುಗಿಯನ್ನು ಗಂಡ ಗುರುಪಾದಸ್ವಾಮಿಯ ಪಕ್ಕ ಹಸೆಯ ಮೇಲೆ ಕೂರಿಸಿದ್ದೂ ಅವಳೇ.

ಈಗ ಸುವರ್ಣಮ್ಮ ಗಂಡು ಹೆತ್ತು ಒಳಕೋಣೆಯಲ್ಲಿ ಮಲಗಿದ್ದಳು. ಚನ್ನಮಲ್ಲಮ್ಮ ಕೂಸಿನ ಅಳು ಕೇಳಿದ್ದಳೇ ಹೊರತು ಒಂದು ಸಲವೂ ಕೈಗೆ ತೆಗೆದುಕೊಂಡಿರಲಿಲ್ಲ.

“ಅಕ್ಕ, ಒಸ್ಲು ದಾಟ್ಬೇಡ,” ಅಂದಳು ಸುವರ್ಣಮ್ಮ. “ಈ ಬಾಗ್ಲು, ಕಿಟ್ಕಿ, ಆ ತೊಟ್ಲು, ಎಲ್ಲಾ ನೀನು ನಿನ್ ಕೂಸ್ಗಳಿಗೇಂತ ಬಳ್ದ ಬಣ್ಣ. ಒಂದೂ ಉಳೀನಿಲ್ಲ. ಆ ಬಣ್ಣದ್ ಕೆಳ್ಗೆ ನನ್ ಕೂಸು ಮಲ್ಗಬಾರ್ದು. ಪೂರಾ ತಗೀಬೇಕು. ಬಳ್ದ ಕೈಯೇ ತಗೀಬೇಕು.”

“ತಗೀತೀನಿ ಕಣೆ. ತಗದ್ರೆ?”

“ಒಂದ್ ಚೂರೂ ಇಲ್ದಂಗೆ ತಗುದ್ರೆ ಕೂಸ ನಿನ್ ಕೈಗ್ ಕೊಡ್ತೀನಿ. ತೊಟ್ಲು ಶಾಸ್ತ್ರದ್ ದಿನ ನೀನೇ ತೊಟ್ಲಿಗ್ ಆಕು.”

ಜಗಲಿಯಲ್ಲಿ ಎಲೆಗೆ ಸುಣ್ಣ ಸವರುತ್ತಿದ್ದ ಗುರುಪಾದಸ್ವಾಮಿ, “ಕೇಳುಸ್ತಲ್ಲ, ಬಾಣಂತಿ ಮಾತು ಮೀರ್ಬೇಡ,” ಅಂದ.

ಚನ್ನಮಲ್ಲಮ್ಮ ಕೆಲಸವನ್ನು ಮನಸ್ಸಿನಲ್ಲೇ ಹರಡಿಕೊಂಡಳು. ಕೈ ಪಳಗಲು ಮೊದಲು ಬಾಗಿಲು, ಆಮೇಲೆ ಕಿಟಕಿ, ಕೊನೆಗೆ ತೊಟ್ಟಿಲು. ಒಣಗಿದ ಬಣ್ಣವನ್ನು ಹಾಗೇ ಕೆರೆದರೆ ಪುಡಿ ಹಾರಿ ಕೂಸಿನ ಮೂಗಿಗೆ ಹೋದೀತು. ಆದ್ದರಿಂದ ಕದಗಳನ್ನು ಕಳಚಿಸಿ ಹಿತ್ತಲಿಗೆ ಹೊರಿಸಿದಳು, ಬಾಗಿಲ ಬಾಯಿಗೆ ಒದ್ದೆ ಕಂಬಳಿ ಕಟ್ಟಿದಳು. ಕೊಳ್ಳೇಗಾಲದಲ್ಲಿ ರೇಷ್ಮೆನೂಲು ಬೇಯಿಸುವವರ ಹತ್ತಿರ ಸೋಡ ತರಿಸಿದಳು. ಸುಟ್ಟ ಸುಣ್ಣಕ್ಕೆ ಆ ಸೋಡ, ನೀರು ಕಲಸಿದರೆ ಮಡಕೆಯೇ ಕೊತಕೊತ ಅನ್ನುತ್ತದೆ. ಅದನ್ನು ಮರಕ್ಕೆ ಮೆತ್ತಿ, ತೇವದ ಗೋಣಿತಾಟು ಹೊದಿಸಿ ಬಿಟ್ಟರೆ, ಬೆಳಗಾಗುವಾಗ ಎಣ್ಣೆಬಣ್ಣ ಕಾಸಿದ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ಏಳುತ್ತದೆ. ಮೊಂಡು ಕುಡುಗೋಲಿನಿಂದ ಮರದ ಎಳೆಯ ಗುಂಟ ಎಳೆಯಬೇಕು. ಅಡ್ಡ ಎಳೆದರೆ ಮರ ಸೀಳುತ್ತದೆ. ಆಮೇಲೆ ಹುಣಿಸೆನೀರಿನಲ್ಲಿ ತೊಳೆದು ನೆರಳಿಗಿಡಬೇಕು.

ಬಾಗಿಲು ಮುಗಿಯುವ ಹೊತ್ತಿಗೆ ಅವಳ ಬೆರಳ ಸಂದುಗಳು ಬಿರಿದವು. ಕಿಟಕಿ ಮುಗಿಯುವ ಹೊತ್ತಿಗೆ ಅಂಗೈಯ ಚರ್ಮ ಬಣ್ಣದ ಜೊತೆಯೇ ಸುಲಿಯಿತು. ಕೈಗೆ ಬಟ್ಟೆ ಸುತ್ತಿಕೊಂಡರೆ ಸುಣ್ಣ ಬಟ್ಟೆಯನ್ನೇ ತಿನ್ನುತ್ತಿತ್ತು.

ಬಾಣಂತಿಗೆ ನೀರು ಹಾಕಲು ಬರುತ್ತಿದ್ದ ಚೆಲುವಮ್ಮ ಹಿತ್ತಲ ಕಟ್ಟೆಯ ಮೇಲೆ ಕೂತು ನಗುತ್ತಿದ್ದಳು. “ಏನವ್ವ ಚನ್ನಮಲ್ಲಿ, ಮದ್ವೆ ಎಣ್ಗೆ ಅರಿಸ್ನ ತಿಕ್ದಂಗೆ ತಿಕ್ತಾ ಇದ್ದೀಯಲ್ಲ. ಮರ ಬೆಳ್ಳಗಾಯ್ತು, ನೀನು ಕೆಂಪಗಾದೆ.”

“ಕೂಸು ಯಾರಂಗೈತೆ ಚೆಲ್ವಕ್ಕ?”

“ಮೂಗು ನಿಂದೇ ಕನವ್ವ. ಏನ್ ಮಾಡೀಯೆ, ಮೂಗು ಇದ್ ಮಾತ್ರಕ್ಕೆ ಕೂಸು ನಿಂದಾದದಾ?”

ಚನ್ನಮಲ್ಲಮ್ಮ ಆ ಮೂಗಿನ ಮಾತನ್ನೇ ಇಡೀ ಮಧ್ಯಾಹ್ನ ಬಾಯಲ್ಲಿಟ್ಟುಕೊಂಡು ಕೆಲಸ ಮಾಡಿದಳು.

ತೊಟ್ಟಿಲು ಹಲಸಿನ ಮರದ್ದು, ಅದರ ಮೇಲೆ ಮೂರು ಪದರ. ಬಸುರಿಯಾದಾಗಲೆಲ್ಲ ಹೊಸ ಬಣ್ಣ ಬಳಿದಿದ್ದಳು. ಮೇಲಿನದು ಕೆಂಪು, ಅದರ ಕೂಸು ಅತ್ತೇ ಇರಲಿಲ್ಲ. ಅದು ಸಲೀಸಾಗಿ ಎದ್ದು ಬಂತು. ಅದರ ಕೆಳಗೆ ಹಳದಿ. ಆ ಕೂಸು ಒಂದು ವಾರ ಹಾಲು ಕುಡಿದಿತ್ತು. ಹಳದಿಗೆ ಎರಡು ಸಲ ಸುಣ್ಣ ಬೇಕಾಯಿತು. ಅಡಿಯಲ್ಲಿ ಹಸಿರು. ಹಸಿರಿನ ಕೂಸು ಬದುಕಿತ್ತು, ನಕ್ಕಿತ್ತು, ತೊಟ್ಟಿಲ ಅಂಚು ಹಿಡಿದು ಏಳುವಷ್ಟಾಗಿತ್ತು. ಆಮೇಲೆ ಜ್ವರ ಬಂತು.

ಹಳದಿ ಸರಿದಾಗ ಆ ಅಂಚಿನಲ್ಲಿ ಹಲ್ಲಿನ ಗುರುತು ಕಂಡಿತು. ಹಸಿರಿನೊಳಗೆ ಎರಡು ಪುಟ್ಟ ಕಚ್ಚು, ಅಕ್ಕಿಕಾಳಿನಷ್ಟು. ಅವಳ ಕುಡುಗೋಲು ನಿಂತಿತು. ಎಷ್ಟು ವರ್ಷ ಈ ತೊಟ್ಟಿಲನ್ನು ಒರೆಸಿದ್ದಳು, ಇದು ಒಳಗೆ ಮುಚ್ಚಿಹೋಗಿದ್ದು ನೆನಪೇ ಇರಲಿಲ್ಲ. ಸುತ್ತಲಿನ ಹಸಿರನ್ನೆಲ್ಲ ತೆಗೆದಳು. ಆ ಎರಡು ಬೆರಳಗಲವನ್ನು ಬಿಟ್ಟಳು.

ಶಾಸ್ತ್ರದ ದಿನ ಮನೆ ತುಂಬ ಹೆಂಗಸರು. ಚನ್ನಮಲ್ಲಮ್ಮ ಮಿಂದು, ಕೈಗೆ ಬೆಣ್ಣೆ ಸವರಿಕೊಂಡು ಹಿತ್ತಲಲ್ಲಿ ತೊಟ್ಟಿಲ ಪಕ್ಕ ಕಾದು ನಿಂತಿದ್ದಳು. ಸುವರ್ಣಮ್ಮ ಕೂಸನ್ನೆತ್ತಿಕೊಂಡು ಬಂದಳು. ಕುಲಾವಿಯೊಳಗೆ ಆ ಮೂಗು ಕಂಡಿತು. ಚೆಲುವಮ್ಮ ಹೇಳಿದ್ದು ಸುಳ್ಳಲ್ಲ.

ಸುವರ್ಣಮ್ಮ ತೊಟ್ಟಿಲ ಸುತ್ತ ಬಂದು ಅಂಚಿನ ಹತ್ತಿರ ನಿಂತಳು. “ಇಲ್ಲಿ ಉಳ್ದದಲ್ಲಕ್ಕ.”

“ಅಷ್ಟು ಇರ್ಲಿ ಬುಡೆ. ನನ್ ಕೂಸಿನ್ ಅಲ್ಲು ಅದು.”

“ಅದ್ನೇ ಮೊದ್ಲು ತಗೀಬೇಕಾಗಿತ್ತು.”

“ಒಂದ್ ಬಟ್ಟೆ ಆಸಿದ್ರೆ ಕಾಣಾಕಿಲ್ಲ ಸುವರ್ಣಿ. ಕೂಸಿನ್ ಮೈಗೂ ತಾಕಾಕಿಲ್ಲ.”

ಸುವರ್ಣಮ್ಮ ನಕ್ಕಳು. “ಇದ್ರಾಗೆ ಯಾರು ಕೂಸ ಆಕ್ತಾರೆ? ಒಳ್ಗೆ ಮೈಸೂರಿನ್ ತೊಟ್ಲು ಕಟ್ಟವ್ರೆ. ನಾನು ಬಸ್ರಿ ಇದ್ದಾಗ್ಲೇ ತರ್ಸ್ತೀನಿ ಅಂತ ಯೋಳಿದ್ರು ಇವ್ರು. ಇದು ನೀರೊಲೆಗೆ. ಬಣ್ಣ ಇದ್ರೆ ಒಗೆ ಕೂಸ್ಗಾಗಾಕಿಲ್ಲ ಅಂತ ತಗ್ಸಿದ್ದು.”

ಚನ್ನಮಲ್ಲಮ್ಮ ತನ್ನ ಕೈಗಳನ್ನು ನೋಡಿಕೊಂಡಳು. ಹೊಸ ತೊಟ್ಟಿಲಿಗೆ ಯಾವ ಬಣ್ಣ ಎಂದು ಕೇಳಬೇಕೆನ್ನಿಸಿತು. “ಮೊದ್ಲೇ ಯೋಳ್ಬಾರ್ದಾಗಿತ್ತಾ?” ಅಂದಳು.

“ನೀನು ಯೋಳಿದ್ಯಾ? ಅಬ್ಬಕ್ಕೆ ಬಾರೆ ಅಂದೆ. ನಿಂಗೊಂದು ಒಟ್ಟೆ ಬೇಕಾಗಿತ್ತು, ತಂಗಿ ಬೇಕಾಗಿರ್ಲಿಲ್ಲ.”

ಚನ್ನಮಲ್ಲಮ್ಮ ಹಲ್ಲಿನ ಗುರುತಿನ ಮೇಲೆ ಅಂಗೈ ಮುಚ್ಚಿದಳು.

“ಮಾತು ಮಾತೇ,” ಅಂದಳು ಸುವರ್ಣಮ್ಮ, ಕೂಸನ್ನು ಇನ್ನೊಂದು ಹೆಗಲಿಗೆ ಹಾಕಿಕೊಳ್ಳುತ್ತಾ. “ಒಂದ್ ಚೂರೂ ಇಲ್ದಂಗೆ ತಗುದ್ರೆ ಕೊಡ್ತೀನಿ. ನಾ ಒಳ್ಗಿರ್ತೀನಿ.”

ಹಿತ್ತಲು ಖಾಲಿಯಾಯಿತು. ಸುಣ್ಣ ಮೆತ್ತಿ ಕಾಯಲು ಹೊತ್ತಿರಲಿಲ್ಲ. ಚನ್ನಮಲ್ಲಮ್ಮ ಗಾಜಿನ ಚೂರೊಂದನ್ನು ಹೆಕ್ಕಿಕೊಂಡಳು. ಬದುಕಿರುವ ಕೂಸು ಒಳಗಿತ್ತು, ಸತ್ತ ಕೂಸಿನ ಹಲ್ಲು ಅಂಚಿನಲ್ಲಿತ್ತು. ಮೊದಲ ಎಳೆತಕ್ಕೆ ಹಸಿರು ಮಾತ್ರ ಬಂತು. ಕಚ್ಚು ಮರದೊಳಕ್ಕೂ ಇಳಿದಿತ್ತು, ಕಚ್ಚಿನ ಬುಡದಲ್ಲಿ ಬಣ್ಣವೂ ಇತ್ತು. ಅವಳು ಮರವನ್ನೇ ಕೆರೆದಳು. ಬೆಣ್ಣೆ ಸವರಿದ ಬೆರಳಿನಲ್ಲಿ ಗಾಜು ಜಾರಿ ಅಂಗೈಯನ್ನು ಸೀಳಿತು. ಸೆರಗಿನಿಂದ ಅಂಚನ್ನು ಒರೆಸಿ ಮತ್ತೆ ಕೆರೆದಳು.

ಒಳಗೆ ಹೆಂಗಸರು ಜೋಗುಳಕ್ಕೆ ದನಿ ತೆಗೆದರು. ಹೊಸ ಸರಪಳಿ ಕಿರುಗುಟ್ಟಿತು. ಯಾರೋ ಕೂಸಿನ ಹೆಸರು ಕೂಗಿದರು, ಎಲ್ಲರೂ ನಕ್ಕರು. ಅವಳು ಕೈ ನಿಲ್ಲಿಸಲಿಲ್ಲ. ಹಾಡು ಮುಗಿದು ಎಲೆಯಡಿಕೆಯ ತಟ್ಟೆ ಓಡಾಡುವ ಸದ್ದು ಬಂದಾಗಲೂ ನಿಲ್ಲಿಸಲಿಲ್ಲ.

ಗುರುಪಾದಸ್ವಾಮಿ ಕೊಡಲಿ ಹಿಡಿದುಕೊಂಡು ಬಂದು ಪಕ್ಕದಲ್ಲಿ ನಿಂತ. “ಆಯ್ತಾ? ಸಂಜೆ ನೀರ್ಗೆ ಸೌದೆ ಬೇಕಂತೆ.”

ಅವಳು ಅಂಚಿನ ಮೇಲೆ ಹೆಬ್ಬೆರಳು ಎಳೆದು ನೋಡಿದಳು. ನುಣುಪಾಗಿತ್ತು. ಎಲ್ಲೂ ಏನೂ ತಡೆಯಲಿಲ್ಲ.

“ಆಯ್ತು,” ಅಂದಳು.