ಚಂದ್ರಶೇಖರಯ್ಯ ಮೇಷ್ಟ್ರ ದೀರ್ಘ

ಉಸಿರು ಇನ್ನೂ ತಹಬಂದಿಗೆ ಬಂದಿಲ್ಲ, ಮೌಸ್ ಹಿಡಿದ ಬೆರಳಲ್ಲಿ ಅನ್ನದ ಅಂಟು ಹಾಗೇ ಇದೆ, ಕೈ ತೊಳೆಯದೆ ಓಡಿ ಬಂದೆನಲ್ಲ, ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಿಂದ ಈ ಫ್ಲೆಕ್ಸ್ ಅಂಗಡಿಯವರೆಗೂ ಉರಿಬಿಸಿಲಲ್ಲಿ, ಒಂದು ಕಾಲಿಗೆ ನನ್ನ ಚಪ್ಪಲಿ, ಇನ್ನೊಂದಕ್ಕೆ ಅತ್ತೆಯದು — ಪರವಾಗಿಲ್ಲ, ಮಷಿನ್ ನಿಂತಿದೆ, ರೋಲ್ ಬೆಳ್ಳಗೇ ಇದೆ, ಒಂದು ಹನಿ ಇಂಕೂ ಬಿದ್ದಿಲ್ಲ, ಮತ್ತೆ ತಿರುಗಿ ನೋಡಿದೆ, ಬಿದ್ದಿಲ್ಲ. ಪರದೆಯ ಮೇಲೆ ಚಂದ್ರಶೇಖರಯ್ಯ ಮೇಷ್ಟ್ರ ಹೆಸರು, ಅಕ್ಷರಗಳು ಎರಡಡಿ ಎತ್ತರ ಬರಬೇಕು, ನಾಳೆ ಬೆಳಿಗ್ಗೆ ಅವರ ನಿವೃತ್ತಿಯ ಸಭೆ, ಮೂವತ್ತಾರು ವರ್ಷ ಕನ್ನಡ ಕಲಿಸಿದವರಂತೆ, ಅವರ ಹಳೆಯ ವಿದ್ಯಾರ್ಥಿನಿ ವನಿತಾ ಅರವತ್ತು ಫೋಟೋ ಕಳಿಸಿ ಹೇಳಿದ್ದು ಇಷ್ಟೇ, ಅಕ್ಷರಕ್ಕ ಬಣ್ಣ ಬ್ಯಾಡ್ರಿ, ಸರ್ ಹೆಸರಿನೊಳಗ ನಾವೆಲ್ಲ ಕಾಣಬೇಕು. ಕಾಣಿಸಿದ್ದೇನೆ, ನಿನ್ನೆ ಇಡೀ ದಿನ, ಇವತ್ತು ಮಧ್ಯಾಹ್ನದವರೆಗೆ, ಒಂದೊಂದು ಅಕ್ಷರವನ್ನೂ ಖಾಲಿ ಆಕಾರ ಮಾಡಿ ಅದರೊಳಗೆ ಒಂದೊಂದು ಫೋಟೋ ಇಳಿಸಿ, ಫೋಟೋವನ್ನು ಒಳಗೇ ಆಚೆ ಈಚೆ ಜರುಗಿಸಿ, ಯಾವ ಮಗುವಿನ ತಲೆಯೂ ಅಕ್ಷರದ ಅಂಚಿಗೆ ಸಿಕ್ಕಿ ಕತ್ತರಿಸಿಹೋಗಬಾರದು, ಚ ಅಕ್ಷರದ ಹೊಟ್ಟೆಯಲ್ಲಿ ತೊಂಬತ್ತೆಂಟರ ಗ್ರೂಪ್ ಫೋಟೋ, ರ ಅಕ್ಷರದ ದುಂಡಗಿನಲ್ಲಿ ಆಗಸ್ಟ್ ಹದಿನೈದರ ಪೆರೇಡು, ಯ ಅಕ್ಷರದಲ್ಲಿ ಊಟಕ್ಕೆ ಸಾಲಾಗಿ ಕುಳಿತ ಚಿಕ್ಕ ಚಿಕ್ಕ ಮಕ್ಕಳು — ಇಷ್ಟೆಲ್ಲ ಗೊತ್ತು, ಆ ಅಕ್ಷರ ಓದುವುದೊಂದೇ ಗೊತ್ತಿರಲಿಲ್ಲ.

ಎಂಟು ತಿಂಗಳ ಹಿಂದೆ ತೆಲುಗು ಸೀಮೆಯ ಗಡಿಯ ಈ ಊರಿನ ಅಂಗಡಿಗೆ ಕೆಲಸ ಕೇಳಿಕೊಂಡು ಬಂದಾಗ ಮಾಲೀಕ ರವಿಶಂಕರಣ್ಣ ಕೇಳಿದ್ದು, ಕನ್ನಡ ತೆಲುಗು ಎರಡೂ ಬರ್ತಾವೇನಮ್ಮ ತ್ರಿವೇಣಿ, ಬರ್ತಾವ್ರಿ ಅಂದೆ, ಪೂರ್ತಿ ಸುಳ್ಳೂ ಅಲ್ಲ, ನಮ್ಮ ಮನೆಮಾತು ಕನ್ನಡವೇ, ಓದಿದ್ದು ಮಾತ್ರ ಬೆಳುಗುಪ್ಪದ ತೆಲುಗು ಶಾಲೆಯಲ್ಲಿ. ತಲೆಕಟ್ಟು ಬೇರೆಯಾದರೂ ಮೈ ಒಂದೇ ಇದೆಯಲ್ಲ ಎರಡು ಲಿಪಿಗೂ, ಗಿರಾಕಿಗಳು ಫೋನಿಗೆ ಕಳಿಸಿದ್ದನ್ನು ಹಾಗೇ ಅಂಟಿಸಿ, ಆಕಾರ ಹೋಲಿಸಿ ಎಂಟು ತಿಂಗಳು ದೂಡಿದೆ, ಯಾರಾದರೂ ಇದನ್ನ ಸ್ವಲ್ಪ ಓದಮ್ಮ ಅಂದರೆ ಏನೋ ಕೆಲಸದ ನೆಪ ಹೇಳಿ ಎದ್ದುಬಿಡುತ್ತಿದ್ದೆ, ಗಂಡನಿಗೂ ಹೇಳಿರಲಿಲ್ಲ. ಇದಕ್ಕೂ ಹಾಗೇ ಮಾಡಿದೆ, ಹೆಸರನ್ನು ಪಕ್ಕದಲ್ಲಿ ತೆಲುಗಿನಲ್ಲಿ ಬರೆದಿಟ್ಟುಕೊಂಡು ಒಂದೊಂದೇ ಹೊಂದಿಸುತ್ತ ಬಂದೆ, ಚಂ ಸರಿ, ದ್ರ ಸರಿ, ಆಮೇಲಿನ ಶ ಕೂಡ ಸರಿ, ಅದರ ಪಕ್ಕದಲ್ಲಿ ಮಾತ್ರ ಒಂದು ಸಣ್ಣ ಚೂರು, ಬಾಲ ಸುರುಳಿ ಸುತ್ತಿದ್ದು, ತೆಲುಗಿನಲ್ಲಿ ಆ ಜಾಗದಲ್ಲಿ ಏನೂ ಇಲ್ಲ, ಎಳೆಯುವುದೆಲ್ಲ ತಲೆಯ ಮೇಲೇ ಮುಗಿಯುತ್ತದೆ. ಅಕ್ಷರಗಳನ್ನು ಬಿಡಿ ಆಕಾರಗಳಾಗಿ ಒಡೆಯುವಾಗ ಇಂಥ ಚೂರುಪಾರು ಉಳಿಯುವುದುಂಟು, ಫೋಟೋ ತುಂಬುವಷ್ಟು ಅಗಲವೂ ಇಲ್ಲ, ಡಿಲೀಟ್ ಒತ್ತಿದೆ, ಸೇವ್ ಮಾಡಿದೆ, ಊಟ ಮಾಡಿ ಬಾರಮ್ಮ, ಎರಡು ಗಂಟೆಗೆ ಪ್ರಿಂಟಿಗೆ ಹಾಕ್ತೀನಿ ಅಂದರು ರವಿಶಂಕರಣ್ಣ.

ಮನೆಯಲ್ಲಿ ತಟ್ಟೆಯ ಮುಂದೆ ಕುಳಿತು ಅತ್ತೆಗೆ ಫೋನಿನಲ್ಲಿ ಬ್ಯಾನರ್ ತೋರಿಸಿದೆ, ಎಷ್ಟು ಚೆಂದ ಬಂದಿದೆ ನೋಡಿ ಎಂದು, ಅಷ್ಟೇ. ನನ್ನತ್ತೆ ನರಸಕ್ಕ, ಬ್ಯಾಂಕಿನಲ್ಲೂ ರೇಷನ್ ಅಂಗಡಿಯಲ್ಲೂ ಹೆಬ್ಬೆಟ್ಟು ಒತ್ತುವವರು, ಮಕ್ಕಳ ಮುಖ ನೋಡುತ್ತಾರೆ ಅಂದುಕೊಂಡರೆ ತುಟಿ ಅಲುಗುತ್ತಿದೆ, ಚಂ, ದ್ರ, ಶೆ, ಖ — ಇದ್ಯಾರವ್ವ ಶೆಖರಯ್ಯ, ದೀರ್ಘ ಎಲ್ಲೋಯ್ತು. ಯಾವ ದೀರ್ಘ ಅಂದೆ. ಶೇ ಅಂತ ಎಳೀಬೇಕಲ್ಲವ್ವ, ಎನ್ನುತ್ತ ಸಾರಲ್ಲಿ ಬೆರಳದ್ದಿ ತಟ್ಟೆಯ ಅಂಚಿನಲ್ಲಿ ಬರೆದರು, ಬಾಲ ಸುರುಳಿ ಸುತ್ತಿದ ಅದೇ ಚೂರು, ನಾನು ಡಿಲೀಟ್ ಒತ್ತಿದ್ದು. ನಿಮಗೆ ಓದೋಕೆ ಬರುತ್ತಾ ಅತ್ತೆ. ಮಡಕಶಿರದ ಕಡೆ ನಮ್ಮೂರಾಗೆ ನಾಕನೇ ಕ್ಲಾಸ್ತನಕ ಕನ್ನಡ ಓದಿವ್ನಿ, ಇಲ್ಲಿ ಕಾಗ್ದ ಎಲ್ಲ ತೆಲುಗಿನಾಗೈತೆ, ಅದ್ಕೇ ಹೆಬ್ಬೆಟ್ಟು, ನಿನಗೆ ಬರಲ್ವೇನವ್ವ. ಬರಲ್ಲ ಅತ್ತೆ — ಮೊದಲ ಸಲ ಬಾಯಿಬಿಟ್ಟು ಹೇಳಿದೆ, ಗೋಡೆಯ ಗಡಿಯಾರ ಎರಡಕ್ಕೆ ಇನ್ನು ಹತ್ತೇ ನಿಮಿಷ ತೋರಿಸುತ್ತಿದೆ, ಅಣ್ಣನಿಗೆ ಫೋನ್ ಮಾಡಿದರೆ ಬಡಿದುಕೊಂಡೇ ಇದೆ, ಎತ್ತುತ್ತಿಲ್ಲ, ಮೂವತ್ತಾರು ವರ್ಷ ದೀರ್ಘ ತಿದ್ದಿದ ಮನುಷ್ಯ ನಾಳೆ ವೇದಿಕೆಯ ಮೇಲೆ ತನ್ನದೇ ಹೆಸರನ್ನು ಎರಡಡಿ ಎತ್ತರದಲ್ಲಿ ತಪ್ಪಾಗಿ ನೋಡುವುದು, ಅದೂ ತನ್ನ ಮಕ್ಕಳನ್ನೇ ತುಂಬಿದ ಹೆಸರು, ಹೋಗವ್ವ, ಓಡು ಅಂದರು ಅತ್ತೆ.

ಬಾಗಿಲಲ್ಲಿ ಕಾಲಿಟ್ಟಾಗ ರವಿಶಂಕರಣ್ಣ ರೋಲ್ ಸೇರಿಸಿ ಸ್ವಿಚ್ಚಿನ ಮೇಲೆ ಕೈ ಇಟ್ಟಿದ್ದರು, ಬ್ಯಾಡ್ರಿ ಅಣ್ಣ, ಒಂದು ಅಕ್ಷರ ತಪ್ಪೈತಿ, ಮತ್ತೆ ಅದೇ ಉಸಿರಲ್ಲಿ, ನಂಗೆ ಕನ್ನಡ ಓದಾಕ ಬರಲ್ರಿ, ಎಂಟು ತಿಂಗಳಿಂದ ಬರಲ್ಲ. ಹೇಳಿ ಮುಗಿಸಿ ನಿಂತೆ, ಬ್ಯಾಗ್ ತಗೊಂಡು ಹೋಗು ಅನ್ನುತ್ತಾರೆ, ಅನ್ನಲಿ, ಅಂದರೂ ಸರಿ. ಅವರು ಸ್ವಿಚ್ಚಿನಿಂದ ಕೈ ತೆಗೆದು ಸ್ಟೂಲಿನ ಮೇಲೆ ಕೂತರು, ನೆಲ ನೋಡುತ್ತ ಅಂದರು, ನನಗೂ ಬರಲ್ಲಮ್ಮ, ನೀನು ಬರ್ತದ ಅಂದಿ ಅಂತ ನಿನ್ನ ತಗೊಂಡೆ. ಆಮೇಲೆ ನಕ್ಕವರು ಮೊದಲು ಅವರೋ ನಾನೋ, ಕಣ್ಣಲ್ಲಿ ನೀರು ಬರುವಷ್ಟು, ಎಂಟು ತಿಂಗಳು ಇಬ್ಬರೂ ಒಬ್ಬರ ಹಿಂದೆ ಒಬ್ಬರು ಅಡಗಿ ಕುಳಿತಿದ್ದೆವಲ್ಲ, ನಿಮ್ಮತ್ತೀನ ದಿನಾ ಒಂದು ತಾಸು ಬರಾಕ ಹೇಳು, ಪ್ರೂಫ್ ನೋಡಲಿ, ಸಂಬಳ ಕೊಡ್ತೀನಿ ಅಂದು ಚಹಾ ತರಲು ಹೋಗಿದ್ದಾರೆ. ಈಗ ಶೇ ಅಂತ ಹೊಸದಾಗಿ ಟೈಪ್ ಮಾಡಿ, ಒಡೆದು, ಆ ಚೂರನ್ನು ತಂದು ಅದರ ಜಾಗದಲ್ಲಿ ಕೂರಿಸಿದೆ, ಶೇ, ಜೋರಾಗಿ ಎಳೆದು ಹೇಳಿದೆ, ಯಾರೂ ಇಲ್ಲ, ಇನ್ನೊಮ್ಮೆ ಹೇಳಿದೆ. ಖಾಲಿ ಬಿಡುವಂತಿಲ್ಲ, ಆದರೆ ಎಷ್ಟು ಸಣ್ಣದು, ಗ್ರೂಪ್ ಫೋಟೋ ಇಳಿಸಿದರೆ ಬರೀ ಅಂಗಿಯ ಗುಂಡಿ ಕಾಣುತ್ತದೆ, ಪೆರೇಡಿನದು ಇಳಿಸಿದರೆ ಆಕಾಶ, ಉಳಿದದ್ದು ತರಗತಿಯ ಒಂದು ಫೋಟೋ, ಮೂರನೇ ಬೆಂಚಿನ ಹುಡುಗಿಯೊಬ್ಬಳು ಉತ್ತರ ಹೇಳಲು ಕೈ ಎತ್ತಿದ್ದಾಳೆ, ದೊಡ್ಡದು ಮಾಡಿದೆ, ಎಡಕ್ಕೆ ಜರುಗಿಸಿದೆ, ಮುಖ ಹೊರಗುಳಿಯಿತು, ಕೈ ಮಾತ್ರ ಹಿಡಿಯಿತು, ಸುರುಳಿಯ ಉದ್ದಕ್ಕೂ, ಮೊಣಕೈಯಿಂದ ಬೆರಳ ತುದಿಯವರೆಗೆ, ತುದಿಯಲ್ಲಿ ಸೀಮೆಸುಣ್ಣದ ಬಿಳಿ, ಎತ್ತಿದ ಕೈ, ನನಗೆ ಗೊತ್ತು ಅನ್ನುವ ಕೈ, ಆ ಕೈಯೇ ಈಗ ಮೇಷ್ಟ್ರ ದೀರ್ಘ.